ಕೈಗೆ ಹೊಂದುವ ಖುಕುರಿ: ತೂಕ, ಸಮತೋಲ ನೋಡಿ ಹೋಲಿಸುವ ಬಗೆ

ನನ್ನ ಮೇಜಿನ ಮೇಲೆ ಎರಡು ಖುಕುರಿಗಳಿವೆ, ನೇಪಾಳದ ಒಳಬಾಗಿನ ಕತ್ತಿಗಳು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಒಂದು 610 ಗ್ರಾಂ ತೂಗುತ್ತದೆ, ಇನ್ನೊಂದು 540 ಗ್ರಾಂ. ಮನೆಗೆ ಬಂದವರ ಕೈಗೆ ಒಂದೊಂದಾಗಿ ಕೊಟ್ಟು ಯಾವುದು ಭಾರ ಅಂತ ಕೇಳುತ್ತೇನೆ. ಹೆಚ್ಚಿನವರು 540 ಗ್ರಾಂ ಇರುವುದನ್ನೇ ಭಾರ ಅನ್ನುತ್ತಾರೆ. ಅವರ ಕೈ ತಪ್ಪು ಹೇಳುತ್ತಿಲ್ಲ. ತಕ್ಕಡಿಗೆ ಗೊತ್ತಾಗುವುದು ಎಷ್ಟು ತೂಕ ಅಂತ ಮಾತ್ರ. ಆ ತೂಕ ಎಲ್ಲಿ ಕೂತಿದೆ ಅನ್ನುವುದು ಕೈಗೇ ಗೊತ್ತಾಗಬೇಕು.

ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಒಂದು ಖುಕುರಿ ಇರುತ್ತದೆ. ಕಠ್ಮಂಡುವಿಗೋ ಡಾರ್ಜಿಲಿಂಗ್‌ಗೋ ಹೋದಾಗ ತಂದದ್ದು, ಸೇನೆಯಲ್ಲಿದ್ದವರಿಗೆ ಗೂರ್ಖಾ ಗೆಳೆಯರು ಕೊಟ್ಟದ್ದು. ಹೆಚ್ಚಿನವು ಗೋಡೆಗೆ ತೂಗುಬಿದ್ದು ಉಳಿದುಬಿಡುತ್ತವೆ. ಖುಕುರಿ ಗೋಡೆಯ ವಸ್ತುವಲ್ಲ. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಸೌದೆ ಸೀಳುವುದು, ಬಿದಿರು ಕಡಿಯುವುದು, ಮಾಂಸ ತುಂಡು ಮಾಡುವುದು ಎಲ್ಲ ಅದರಲ್ಲೇ. ತರಕಾರಿಗೆ ಬೇರೆ ಇದೆ. ಕಾಲಿನಲ್ಲಿ ಅದುಮಿ ಕೂತು ಹೆಚ್ಚುವ 'ಚುಲೆಸಿ', ಹೆಚ್ಚುಕಡಿಮೆ ನಮ್ಮ ಈಳಿಗೆಮಣೆಯೇ. ಒರೆಯಿಂದ ತೆಗೆದರೆ ರಕ್ತ ಕಾಣಿಸದೆ ವಾಪಸ್ ಇಡಬಾರದು ಅಂತ ಒಂದು ಕಥೆ ಹೇಳುತ್ತಾರಲ್ಲ, ಅದು ಸುಳ್ಳು. ದಿನಕ್ಕೆ ಹತ್ತು ಸಲ ಸೌದೆಗೆ ತೆಗೆಯುವ ಕತ್ತಿಗೆ ಆ ನಿಯಮ ಯಾರು ಪಾಲಿಸುತ್ತಾರೆ?

ದುಡಿಯುವ ಕತ್ತಿ ಅಂದಮೇಲೆ ಅದು ಕೈಗೆ ಹೊಂದಬೇಕು. ಎರಡು ಖುಕುರಿ ಎದುರಿಗಿದ್ದಾಗ ಯಾವುದು ಯಾವ ಕೆಲಸಕ್ಕೆ, ಯಾವುದು ನಿಮ್ಮ ಕೈಗೆ ಅಂತ ಮನೆಯಲ್ಲೇ ನೋಡಿ ತಿಳಿಯಬಹುದು. ಅಡುಗೆಮನೆಯ ತಕ್ಕಡಿ, ಅಳತೆ ಪಟ್ಟಿ, ಪೆನ್ಸಿಲ್, ದಾರ, ಒಂದು ನಟ್ಟು, ಹಳೇ ಪೇಪರ್ ಇದ್ದರೆ ಸಾಕು.

ಮೊದಲು ಕೆಲವು ಹೆಸರು

ನೇಪಾಳಿ ಹೆಸರುಗಳು ಗೊತ್ತಿದ್ದರೆ ಅಂಗಡಿಯಲ್ಲಿ ಮಾತು ಸುಲಭ. ಅಲಗಿನ ದಪ್ಪ ಬೆನ್ನು 'ಬೀಟ್'. ಕತ್ತಿಯ ಬಾಯಿ 'ಧಾರ್'. ಬಾಗು ದಾಟಿದ ಮೇಲೆ ಉಬ್ಬಿರುವ ಅಗಲ ಜಾಗ 'ಭುಂಡಿ', ಅಂದರೆ ಹೊಟ್ಟೆ. ಹಿಡಿಗೂ ಅಲಗಿಗೂ ನಡುವೆ ಇರುವ ಲೋಹದ ಪಟ್ಟಿ 'ಕಾಂಜೋ'. ಹಿಡಿಯ ನಡುವೆ ಉಬ್ಬಿದ ಬಳೆ 'ಹರ್‌ಹರಿ'. ಒರೆಗೆ 'ದಾಪ್'. ಒರೆಯ ಹಿಂದೆ ಎರಡು ಪುಟ್ಟ ಸಲಕರಣೆ ಇರುತ್ತವೆ. ಸಣ್ಣ ಕೆಲಸದ ಚಾಕು 'ಕರ್ದಾ', ಬಾಯಿ ನೇರ ಮಾಡಿಕೊಳ್ಳಲು ಮತ್ತು ಹಿಂದಿನ ಕಾಲದಲ್ಲಿ ಬೆಂಕಿ ಕಿಡಿ ಹೊಡೆಯಲು ಮೊಂಡಾದ 'ಚಕ್‌ಮಕ್'. ಬಾಯಿಯ ಬುಡದಲ್ಲಿರುವ ಕಚ್ಚು 'ಕೌಡಿ'. ಅದು ಹಸುವಿನ ಗೊರಸಿನ ಗುರುತು, ಶಿವನ ಗುರುತು ಅಂತ ನಾನಾ ಅರ್ಥ ಹೇಳುತ್ತಾರೆ. ಸಮತೋಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಂತ 1: ಒರೆಯಿಂದ ತೆಗೆಯುವುದನ್ನು ಕಲಿಯಿರಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ನನ್ನ ಎಡಗೈ ತೋರುಬೆರಳ ಒಳಗಡೆ ಒಂದು ಬಿಳಿ ಗೆರೆ ಇದೆ. ಮೊದಲ ಖುಕುರಿ ತಂದ ವಾರದಲ್ಲೇ ಆದದ್ದು. ಒರೆಯನ್ನು ಲೋಟ ಹಿಡಿದ ಹಾಗೆ ಸುತ್ತಲೂ ಬೆರಳು ಹಾಕಿ ಹಿಡಿದು ಎಳೆದಿದ್ದೆ. ಕತ್ತಿ ಒರೆಯ ಕೂಡುಗೆರೆಯನ್ನೇ ಸೀಳಿಕೊಂಡು ಬಂತು.

ಒರೆ ಅಂದರೆ ಒಳಗೆ ಎರಡು ತೆಳು ಮರದ ಹೋಳು, ಮೇಲೆ ಎಮ್ಮೆ ಚರ್ಮ. ಅಲಗು ಬಾಗಿರುವುದರಿಂದ ಎಳೆಯುವಾಗ ಬಾಯಿ ಒಳಮೈಯನ್ನು ಸವರಿಕೊಂಡೇ ಬರುತ್ತದೆ. ಹಳೆಯದಾದರೆ ಹೋಳುಗಳ ನಡುವೆ ಬಿಟ್ಟುಕೊಂಡಿರುತ್ತದೆ. ಆದ್ದರಿಂದ ಒರೆಯನ್ನು ಬೆನ್ನಿನ ಕಡೆಯಿಂದ ಮಾತ್ರ ಹಿಡಿಯಿರಿ. ಬಾಯಿ ಇರುವ ಕಡೆಗೆ ಒಂದು ಬೆರಳೂ ಬರಬಾರದು. ಅಲಗಿನ ಬೆನ್ನನ್ನು ಒರೆಯ ಬೆನ್ನಿಗೆ ಒತ್ತಿಕೊಂಡು, ಬಾಗಿನ ದಾರಿಯಲ್ಲೇ ನಿಧಾನ ಎಳೆಯಿರಿ. ಒಳಗೆ ಇಡುವಾಗಲೂ ಹಾಗೆಯೇ.

ತೆಗೆದ ಮೇಲೆ ಹಿಡಿ ಗಟ್ಟಿಯಾಗಿದೆಯಾ ನೋಡಿ. ಹಿಡಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಮುಷ್ಟಿಯಿಂದ ಮಣಿಕಟ್ಟಿನ ಮೇಲೆ ಹಗುರವಾಗಿ ಕುಟ್ಟಿ. ಕಾಂಜೋ ಹತ್ತಿರ 'ಟಿಕ್ ಟಿಕ್' ಅಂತ ಸದ್ದು ಬಂದರೆ ಒಳಗಿನ ಅಂಟು ಬಿಟ್ಟಿದೆ. ಅಂಥದ್ದನ್ನು ಬೀಸಬೇಡಿ, ಮೊದಲು ಸರಿ ಮಾಡಿಸಿ.

ಸಮತೋಲ ನೋಡುವಷ್ಟು ಹೊತ್ತೂ ಬಾಯಿಗೆ ದಪ್ಪ ಟೇಪ್ ಅಂಟಿಸಿಡಿ. ಎರಡು ಗ್ರಾಂ ಜಾಸ್ತಿ ಆದರೆ ಲೆಕ್ಕ ಏನೂ ಕೆಡುವುದಿಲ್ಲ.

ಹಂತ 2: ತೂಕ ಮತ್ತು ಸಮತೋಲದ ಬಿಂದು

ಒರೆ, ಕರ್ದಾ, ಚಕ್‌ಮಕ್ ಎಲ್ಲ ತೆಗೆದಿಟ್ಟು ಬರೀ ಖುಕುರಿ ತೂಗಿ. ಅಂಗಡಿಯವರು ಕೆಲವೊಮ್ಮೆ ಎಲ್ಲ ಸೇರಿಸಿ ತೂಕ ಹೇಳುತ್ತಾರೆ, ಅದರಿಂದ ಉಪಯೋಗವಿಲ್ಲ. ಅಲಗಿನ ಉದ್ದವನ್ನು ಕಾಂಜೋದಿಂದ ಮೊನೆಯವರೆಗೆ ನೇರ ಅಳೆಯಿರಿ. ಈಗ ಸಿಗುವ ಬಹಳಷ್ಟು ಖುಕುರಿಗಳ ಅಲಗು 10ರಿಂದ 12 ಇಂಚಿನ ಒಳಗೆ ಇರುತ್ತದೆ. 10 ಇಂಚಿನದ್ದನ್ನೂ 13 ಇಂಚಿನದ್ದನ್ನೂ ಹೋಲಿಸಿದರೆ ಉದ್ದದ ವ್ಯತ್ಯಾಸವೇ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಆದಷ್ಟು ಒಂದೇ ಉದ್ದದವನ್ನು ಎದುರು ಬದುರು ಇಡಿ.

ಮೇಜಿನ ಮೇಲೆ ಆರು ಮೂಲೆಯ ಪೆನ್ಸಿಲ್ ಇಟ್ಟು, ಅದರ ಮೇಲೆ ಅಲಗನ್ನು ಮಲಗಿಸಿ. ಹಿಂದೆ ಮುಂದೆ ಜರುಗಿಸುತ್ತಾ ಹೋದರೆ ಒಂದು ಕಡೆ ಎರಡೂ ತುದಿ ಮೇಲೆದ್ದು ನಿಲ್ಲುತ್ತವೆ. ಅದೇ ಸಮತೋಲದ ಬಿಂದು. ಅಲ್ಲಿ ಟೇಪ್ ಮೇಲೆ ಗೆರೆ ಎಳೆದು, ಕಾಂಜೋದ ಮುಂಭಾಗದಿಂದ ಎಷ್ಟು ಸೆಂ.ಮೀ. ದೂರ ಅಂತ ಅಳೆಯಿರಿ. ಹಿಡಿಯ ಹಿಂತುದಿಯಿಂದ ಅಳೆಯಬೇಡಿ. ಹಿಡಿಯ ಉದ್ದ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ.

ಅಡುಗೆ ಚಾಕುವಿನಲ್ಲಿ ಈ ಬಿಂದು ಹಿಡಿಯ ಹತ್ತಿರವೇ ಸಿಗುತ್ತದೆ. ಖುಕುರಿಯಲ್ಲಿ ಸಾಕಷ್ಟು ಮುಂದೆ, ಅಲಗಿನ ಮೇಲೇ ಇರುತ್ತದೆ. ಇರಬೇಕಾದ್ದೂ ಅಲ್ಲೇ. ಕೊಡಲಿಯ ಕೆಲಸವನ್ನೂ ಚಾಕುವಿನ ಕೆಲಸವನ್ನೂ ಒಂದೇ ಕತ್ತಿ ಮಾಡಬೇಕು ಅಂದರೆ ತೂಕ ಮುಂದಕ್ಕೆ ಹೋಗಲೇಬೇಕು. ಎಷ್ಟು ಮುಂದಕ್ಕೆ ಅನ್ನುವುದರಲ್ಲೇ ಎರಡು ಖುಕುರಿಗಳ ಗುಣ ಬೇರೆಯಾಗುವುದು.

ಈಗ ನನ್ನ ಎರಡರ ಲೆಕ್ಕ ನೋಡೋಣ. 610 ಗ್ರಾಂನದ್ದರ ಬಿಂದು ಕಾಂಜೋದಿಂದ 8.5 ಸೆಂ.ಮೀ. ಮುಂದೆ. 540 ಗ್ರಾಂನದ್ದು 11.5 ಸೆಂ.ಮೀ. ತೂಕವನ್ನು ದೂರದಿಂದ ಗುಣಿಸಿ. ಮೊದಲನೆಯದು 5,185, ಎರಡನೆಯದು 6,210. ಕಾಂಜೋ ಹತ್ತಿರ ಹಿಡಿದ ಕೈಯನ್ನು ಕೆಳಕ್ಕೆ ತಿರುಗಿಸುವ ಜಗ್ಗಾಟ ಈ ಗುಣಲಬ್ಧ. ತೂಕ ಕಡಿಮೆ ಇರುವ ಕತ್ತಿಯ ಜಗ್ಗಾಟ ಐದನೇ ಒಂದು ಪಾಲು ಜಾಸ್ತಿ! ಬಂದವರೆಲ್ಲ ಅದನ್ನೇ ಭಾರ ಅಂದದ್ದು ಇದಕ್ಕೇ. ಒಂದೇ ತೂಕದ ಬಿಂದಿಗೆಯನ್ನು ಸೊಂಟದ ಮೇಲೆ ಹೊತ್ತರೆ ಒಂದು, ಕೈ ಚಾಚಿ ಹಿಡಿದರೆ ಇನ್ನೊಂದು, ಅಲ್ವಾ?

ವ್ಯತ್ಯಾಸ ಬಂದದ್ದು ಎಲ್ಲಿಂದ ಅಂತ ನೋಡಿದರೆ ಖುಷಿಯಾಗುತ್ತದೆ. ಮೊದಲನೆಯದರಲ್ಲಿ ಅಲಗಿನ ಉಕ್ಕು ಅಷ್ಟೇ ಅಗಲವಾಗಿ ಹಿಡಿಯ ಕೊನೆಯವರೆಗೂ ಹೋಗಿದೆ. ಎರಡೂ ಪಕ್ಕ ಮರದ ಹೋಳು ಇಟ್ಟು ಮೊಳೆ ಬಡಿದಿದ್ದಾರೆ. ಇಂಥ ಹಿಡಿಗೆ 'ಪಾನಾವಾಲ್' ಅನ್ನುತ್ತಾರೆ. ಹಿಂದೆ ಉಕ್ಕು ಇರುವುದರಿಂದ ತೂಕ ಹಿಂದಕ್ಕೆ ಬಂದಿದೆ. ಸಾಲದ್ದಕ್ಕೆ ಅಲಗಿನ ಎರಡೂ ಮೈಯಲ್ಲಿ ಉದ್ದುದ್ದ ಕಾಲುವೆಯಂಥ ಗೆರೆ ತೋಡಿ ಮುಂದಿನ ಉಕ್ಕು ಕಡಿಮೆ ಮಾಡಿದ್ದಾರೆ. ಎರಡನೆಯದರಲ್ಲಿ ಉಕ್ಕಿನ ಸಣಕಲು ಬಾಲವೊಂದು ಮರದ ಹಿಡಿಯ ಒಳಕ್ಕೆ ಹೋಗಿ, 'ಲಾಹಾ' ಅನ್ನುವ ನಾಟಿ ಅಂಟಿನಿಂದ ಕೂತಿದೆ. ಹಿಂದೆ ಬರೀ ಮರ, ಮುಂದೆ ಅಗಲ ಹೊಟ್ಟೆ. ತೂಕ ಮುಂದಕ್ಕೆ ಓಡದೆ ಇನ್ನೇನು ಮಾಡೀತು?

ಹಿಡಿ ಎಮ್ಮೆ ಕೊಂಬಿನದ್ದಾದರೆ ಸಾಮಾನ್ಯ ಮರಕ್ಕಿಂತ ಸ್ವಲ್ಪ ಭಾರ, ಬಿಂದು ಒಂಚೂರು ಹಿಂದೆ ಬರುತ್ತದೆ. ಆದರೆ ಕೊಂಬು ಒಣ ಹವೆಯಲ್ಲಿ ಕುಗ್ಗಿ ಬಿರುಕು ಬಿಡಬಹುದು. ದಿನವೂ ದುಡಿಸುವವರಿಗೆ ನನ್ನ ಮತ ಮರಕ್ಕೇ.

ಹಂತ 3: ಏಟಿನ ಜಾಗ ಹುಡುಕುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ. ಕ್ರಿಕೆಟ್ ಆಡಿದವರಿಗೆ ಬೇಗ ಅರ್ಥವಾಗುತ್ತದೆ. ಬ್ಯಾಟಿನ ಒಂದು ಜಾಗಕ್ಕೆ ಚೆಂಡು ಬಡಿದರೆ ಕೈಗೆ ಗೊತ್ತೇ ಆಗುವುದಿಲ್ಲ. ತುದಿಗೆ ಬಡಿದರೆ ಕೈಯೆಲ್ಲ ಜುಮ್ ಅನ್ನುತ್ತದೆ. ಖುಕುರಿಯಲ್ಲೂ ಅಂಥ ಜಾಗ ಒಂದಿದೆ. ಒಳ್ಳೆಯ ಖುಕುರಿಯಲ್ಲಿ ಅದು ಹೊಟ್ಟೆಯ ಹತ್ತಿರ ಇರಬೇಕು. ಏಕೆಂದರೆ ನಾವು ಕಡಿಯುವುದೇ ಹೊಟ್ಟೆಯಿಂದ.

ಹುಡುಕುವುದು ಹೀಗೆ. ನೆಲಕ್ಕೆ ಗೋಣಿಚೀಲ ಹಾಸಿ, ಕಾಲು ದೂರ ಇಟ್ಟುಕೊಳ್ಳಿ. ಕಡಿಯುವಾಗ ತೋರುಬೆರಳು ಹಿಡಿಯ ಮೇಲೆ ಎಲ್ಲಿ ಕೂರುತ್ತದೋ ಆ ಜಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಚಿವುಟಿ ಹಿಡಿದು, ಮೊನೆ ಕೆಳಗಾಗಿ ತೂಗುಬಿಡಿ. ಹಗುರವಾಗಿ ತೂಗಾಡಿಸಿ, ಗಡಿಯಾರದ ಲೋಲಕದ ಹಾಗೆ. ಪಕ್ಕದಲ್ಲಿ ಇನ್ನೊಬ್ಬರು ದಾರಕ್ಕೆ ನಟ್ಟು ಕಟ್ಟಿ, ನಿಮ್ಮ ಬೆರಳಿನ ಎತ್ತರದಲ್ಲೇ ದಾರ ಹಿಡಿದು ಅದನ್ನೂ ತೂಗಾಡಿಸಲಿ. ದಾರ ಉದ್ದ ಇದ್ದರೆ ನಟ್ಟು ನಿಧಾನ ತೂಗುತ್ತದೆ, ಗಿಡ್ಡ ಮಾಡಿದರೆ ಬೇಗ. ಎಳೆಯುತ್ತಾ ಬಿಡುತ್ತಾ ಹೋದರೆ ಒಂದು ಉದ್ದಕ್ಕೆ ಖುಕುರಿಯೂ ನಟ್ಟೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬರುತ್ತವೆ. ಆಗ ನಟ್ಟು ಅಲಗಿನ ಯಾವ ಜಾಗದ ಎದುರು ಇದೆಯೋ ಅದೇ ಏಟಿನ ಜಾಗ. ಟೇಪ್ ಮೇಲೆ ಗುರುತು ಹಾಕಿ.

ಸುಮಾರು 11 ಇಂಚು ಅಲಗಿನ ನನ್ನ ಪಾನಾವಾಲ್‌ನಲ್ಲಿ ಈ ಗುರುತು ಬೆರಳಿನಿಂದ 21 ಸೆಂ.ಮೀ. ಕೆಳಗೆ ಬಂತು. ಸರಿಯಾಗಿ ಹೊಟ್ಟೆಯ ಮೇಲೆ. ಅಲ್ಲಿಂದ ಕಡಿದರೆ ಅಂಗೈಗೆ ಏನೂ ತಾಗುವುದಿಲ್ಲ, ಏಟೆಲ್ಲ ಮರಕ್ಕೇ ಹೋಗುತ್ತದೆ. ಅಲಂಕಾರಕ್ಕೆ ಅಂತ ಮಾಡಿದ ಕೆಲವು ಖುಕುರಿಗಳಲ್ಲಿ ಈ ಜಾಗಕ್ಕೂ ಹೊಟ್ಟೆಗೂ ತಾಳಮೇಳ ಇರುವುದಿಲ್ಲ. ಅಂಥದ್ದರಲ್ಲಿ ಹತ್ತು ಏಟು ಹೊಡೆದರೆ ಮುಂಗೈ ನೋಯಲು ಶುರುವಾಗುತ್ತದೆ.

ಹಂತ 4: ಬಾಗನ್ನು ಪೇಪರ್ ಮೇಲೆ ಇಳಿಸಿ

ಹಳೇ ಪೇಪರ್ ಮೇಲೆ ಖುಕುರಿ ಮಲಗಿಸಿ ಸುತ್ತಲೂ ಪೆನ್ಸಿಲ್ ಎಳೆಯಿರಿ. ಹಿಡಿಯ ನಡುವಿನಿಂದ ನೇರ ಗೆರೆ ಹಾಕಿ, ಅದನ್ನು ಮೊನೆಯ ಕಡೆಗೆ ಪೂರ್ತಿ ಎಳೆಯಿರಿ. ಮೊನೆ ಆ ಗೆರೆಗಿಂತ ಎಷ್ಟು ಕೆಳಗೆ ಇಳಿದಿದೆ ಅಂತ ಅಳೆಯಿರಿ. ಎರಡು ಖುಕುರಿಗಳ ಚಿತ್ರವನ್ನು ಹಿಡಿ ಸರಿಹೊಂದಿಸಿ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇಳಿತ ಜಾಸ್ತಿ ಇದ್ದಷ್ಟೂ ಮಣಿಕಟ್ಟು ಬಗ್ಗಿಸದೆ ಕಡಿಯಬಹುದು. ಮರಕ್ಕೆ ಬಾಯಿ ಓರೆಯಾಗಿ ತಾಗಿ, ಕಡಿಯುವ ಜೊತೆಗೆ ಕೊಯ್ಯುತ್ತಲೂ ಹೋಗುತ್ತದೆ. ಇಳಿತ ಕಡಿಮೆ ಇದ್ದರೆ ಹಲಗೆಯ ಮೇಲೆ ಮಾಂಸ ಹೆಚ್ಚಲು, ಕೋಲು ಕೆತ್ತಲು ಸಲೀಸು.

ಇನ್ನೊಂದು ಗುಣವೂ ಇದೆ. ಹಿಡಿಯನ್ನು ಅಡ್ಡವಾಗಿ, ತೀರಾ ಸಡಿಲವಾಗಿ ಹಿಡಿಯಿರಿ. ಬಾಗು ಚೆನ್ನಾಗಿದ್ದರೆ ಅಲಗು ತಾನಾಗೇ ತಿರುಗಿ ಬಾಯಿ ಕೆಳಗೆ ಮಾಡಿ ನಿಲ್ಲುತ್ತದೆ. ತೂಕ ಹಿಡಿಯ ಗೆರೆಗಿಂತ ಕೆಳಗೆ ಇರುವುದೇ ಕಾರಣ. ಕತ್ತಲಲ್ಲೂ, ಮಳೆಯಲ್ಲಿ ಕೈ ಒದ್ದೆಯಾದಾಗಲೂ ಬಾಯಿ ಯಾವ ಕಡೆಗಿದೆ ಅಂತ ಕೈಗೆ ತಿಳಿಯುತ್ತದೆ. ನೇರ ಮಚ್ಚಿನಲ್ಲಿ ಈ ಅನುಕೂಲ ಇಲ್ಲ.

ಕೊಡಗಿನವರಿಗೆ ಇದು ಹೊಸ ವಿಷಯವಲ್ಲ. ಬೆನ್ನ ಹಿಂದಿನ ತೋಡಂಗಿಗೆ ಸಿಕ್ಕಿಸಿಕೊಳ್ಳುವ ಒಡಿಕತ್ತಿಯೂ ಒಳಬಾಗಿನದ್ದೇ, ಮುಂದೆ ಅಗಲವಾದದ್ದೇ. ಮದುವೆಯಲ್ಲಿ ಬಾಳೆದಿಂಡನ್ನು ಅದರಲ್ಲಿ ಕಡಿಯುವುದನ್ನು ನೋಡಿದ್ದರೆ, ತೂಕ ಮುಂದಿರುವ ಬಾಗುಕತ್ತಿ ಹೇಗೆ ಇಳಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಕೊನೆಗೆ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಬೆನ್ನಿನ ಉದ್ದಕ್ಕೂ ನೋಡಿ, ಬಡಗಿ ಹಲಗೆ ನೋಡುವ ಹಾಗೆ. ಬೆನ್ನು ಪಕ್ಕಕ್ಕೆ ವಾಲಿದ್ದರೆ, ತಿರುಚಿದ್ದರೆ ಪ್ರತಿ ಏಟಿಗೂ ಹಿಡಿ ಕೈಯಲ್ಲಿ ತಿರುಗುತ್ತದೆ. ಅಂಥದ್ದು ಬೇಡ.

ಹಂತ 5: ಹಿಡಿ

ಸಮತೋಲ ಎಷ್ಟೇ ಚೆನ್ನಾಗಿರಲಿ, ಹಿಡಿ ಹೊಂದದಿದ್ದರೆ ಎಲ್ಲ ವ್ಯರ್ಥ. ಹಳೆಯ ಮಾದರಿಯ ಹಿಡಿಗಳು ಸಣ್ಣವು. ದೊಡ್ಡ ಅಂಗೈಯವರಿಗೆ ನಾಲ್ಕನೇ ಬೆರಳು ಹಿಂದಿನ ಉಬ್ಬಿನ ಮೇಲೆ ಹತ್ತಿಬಿಡುತ್ತದೆ. ನಾಲ್ಕೂ ಬೆರಳು ಕಾಂಜೋಗೂ ಉಬ್ಬಿಗೂ ನಡುವೆ ಕೂರಬೇಕು. ಕಿರುಬೆರಳು ಉಬ್ಬಿನ ಒಳಗಡೆಗೆ ಸಿಕ್ಕಿಕೊಂಡಿದ್ದರೆ ಕತ್ತಿ ಕೈಯಿಂದ ಜಾರುವುದಿಲ್ಲ.

ಹರ್‌ಹರಿ ಬಗ್ಗೆ ಎರಡು ಅಭಿಪ್ರಾಯ ಇದೆ. ಅದು ನಡುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಬಂದರೆ ಹಿಡಿತಕ್ಕೆ ಒಳ್ಳೆಯದು. ಬೆರಳಿನ ಕೆಳಗೇ ಬಂದರೆ ಅರ್ಧ ಗಂಟೆಯಲ್ಲಿ ಬೊಬ್ಬೆ ಏಳುತ್ತದೆ. ಇದಕ್ಕೆ ನಿಯಮ ಅಂತ ಇಲ್ಲ, ನಿಮ್ಮ ಕೈಯೇ ಅಳತೆ.

ಹಂತ 6: ಕಡಿದು ನೋಡುವುದು

ಮೊದಲು ಎರಡನ್ನೂ ಒಂದೇ ಕಲ್ಲಿನಲ್ಲಿ ಮಸೆಯಿರಿ. ಇದನ್ನು ಬಿಟ್ಟರೆ ಹರಿತವಿರುವುದನ್ನೇ 'ಸಮತೋಲ ಚೆನ್ನಾಗಿದೆ' ಅಂತ ಅಂದುಕೊಂಡು ಮೋಸ ಹೋಗುತ್ತೀರಿ. ಖುಕುರಿಯ ಬಾಯಿ ಕೊಡಲಿಯ ಹಾಗೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಉಳಿಸಿಕೊಂಡೇ ಮಸೆಯಬೇಕು.

ಕೊರಡಿನ ಮೇಲೆ ಇಟ್ಟು ಕಡಿಯಿರಿ, ಗಾಳಿಯಲ್ಲಿ ಬೀಸಬೇಡಿ. ಮಂಡಿಯೂರಿ ಕೂತರೆ ಇನ್ನೂ ಒಳ್ಳೆಯದು. ಗುರಿ ತಪ್ಪಿದ ಕತ್ತಿ ಮಣ್ಣಿಗೆ ಹೋಗುತ್ತದೆ, ಮೊಣಕಾಲಿಗೆ ಬರುವುದಿಲ್ಲ. ಸುತ್ತ ಎರಡು ಮಾರು ಯಾರೂ ಇರಬಾರದು.

ಮೂರು ಬಗೆಯದ್ದನ್ನು ತೆಗೆದುಕೊಳ್ಳಿ. ಹೆಬ್ಬೆರಳು ದಪ್ಪದ ಹಸಿ ಕೊಂಬೆ, ಮಣಿಕಟ್ಟು ದಪ್ಪದ ಒಣ ಸೌದೆ, ಒಂದು ಬಿದಿರು. ಪ್ರತಿಯೊಂದಕ್ಕೂ ಒಂದು ಖುಕುರಿಯಲ್ಲಿ 20 ಏಟು ಹಾಕಿ, ಕೈ ಆರಿದ ಮೇಲೆ ಇನ್ನೊಂದರಲ್ಲಿ 20. ಎಷ್ಟು ಆಳ ಹೋಯಿತು ಅಂತ ಎಲ್ಲರೂ ನೋಡುತ್ತಾರೆ. ನೀವು ಕೈ ಎಲ್ಲಿ ದಣಿಯಿತು ಅಂತ ನೋಡಿ. ಮುಂಗೈಯ ಮೇಲ್ಭಾಗ ನೋಯುತ್ತಿದ್ದರೆ ತೂಕ ನಿಮಗೆ ಜಾಸ್ತಿ ಮುಂದಾಯಿತು. ಅಂಗೈ ಉರಿಯುತ್ತಿದ್ದರೆ ಹಿಡಿಯ ತಪ್ಪು. ಬೆರಳು ಜುಮ್ ಅನ್ನುತ್ತಿದ್ದರೆ ಏಟಿನ ಜಾಗದಿಂದ ಕಡಿಯುತ್ತಿಲ್ಲ. ಮಣಿಕಟ್ಟು ಪಕ್ಕಕ್ಕೆ ತಿರುಗುತ್ತಿದ್ದರೆ ಅಲಗು ವಾಲಿದೆ, ಇಲ್ಲವೇ ಹಿಡಿ ತೀರಾ ದುಂಡಗಿದೆ.

ಕೊನೆಗೆ ನಾಜೂಕಿನ ಕೆಲಸ ಒಂದು. ಒಂದು ಕಡ್ಡಿಯ ತುದಿಯನ್ನು ಪೆನ್ಸಿಲ್ ಹಾಗೆ ಚೂಪು ಮಾಡಿ. ಜಗ್ಗಾಟ ಕಡಿಮೆ ಇರುವ ಖುಕುರಿ ಇಲ್ಲಿ ಗೆಲ್ಲುತ್ತದೆ. ಒಣ ಸೌದೆಯಲ್ಲಿ ಸೋತದ್ದೇ ಇಲ್ಲಿ ಗೆದ್ದರೆ ಆಶ್ಚರ್ಯ ಬೇಡ.

ಹೆಸರು ನೋಡಿ ಏನು ಊಹಿಸಬಹುದು

'ಸಿರುಪಾತೆ' ಅಂದರೆ ಸಿರು ಹುಲ್ಲಿನ ಎಲೆಯಂಥದ್ದು. ಅಲಗು ಕಿರಿದು, ಹೊಟ್ಟೆ ಸಣ್ಣದು. ಬೀಸಿದರೆ ಬೇಗ ಹೋಗುತ್ತದೆ, ಬೇಗ ನಿಲ್ಲುತ್ತದೆ. ಹಸಿ ಕೊಂಬೆ, ಬಳ್ಳಿ, ಪೊದೆ ಸವರಲು ಇದರಷ್ಟು ಹಗುರ ಇನ್ನೊಂದಿಲ್ಲ. ಒಣಗಿದ ಗಂಟು ಮರಕ್ಕೆ ಮಾತ್ರ ಇದನ್ನು ಹಿಡಿಯಬೇಡಿ.

'ಭೋಜ್‌ಪುರೆ' ಪೂರ್ವ ನೇಪಾಳದ ಭೋಜ್‌ಪುರದ ಹೆಸರಿನದ್ದು. ಅಗಲ ಅಲಗು, ದಪ್ಪ ಬೆನ್ನು. ಸೌದೆಗೆ ಹೇಳಿ ಮಾಡಿಸಿದ್ದು. 'ಬುಧುನೆ' ಒಂದು ಮೀನಿನ ತಲೆಯ ಆಕಾರದಿಂದ ಹೆಸರು ಪಡೆದದ್ದು. ಮೊನೆಯ ಕಡೆ ಇನ್ನೂ ಅಗಲ, ತೂಕ ಇನ್ನೂ ಮುಂದೆ. 'ಅಂಗ್‌ಖೋಲಾ'ದಲ್ಲಿ ಬೆನ್ನಿನ ಕೆಳಗೆ ಅಲಗನ್ನು ತೋಡಿರುತ್ತಾರೆ. ಬೆನ್ನು ದಪ್ಪ ಉಳಿದು ಬಲ ಕೊಡುತ್ತದೆ, ನಡುವಿನ ಉಕ್ಕು ಹೋಗಿ ತೂಕ ಇಳಿಯುತ್ತದೆ. ಎರಡು ಮೂರು ಉದ್ದ ಗೆರೆ ತೋಡಿದ್ದು 'ಚಿರ್ರಾ'. ಸೇನೆಯ ಮಾದರಿ ಇವೆಲ್ಲದರ ನಡುವಿನದ್ದು. ಮೊದಲ ಖುಕುರಿ ಕೊಳ್ಳುವವರಿಗೆ ನಾನು ಹೇಳುವುದು ಅದನ್ನೇ. ಅದರಲ್ಲಿ ಕೈ ಪಳಗಿದ ಮೇಲೆ ಮುಂದೆ ಯಾವ ಕಡೆ ಹೋಗಬೇಕು ಅಂತ ನಿಮಗೇ ತಿಳಿಯುತ್ತದೆ.

ಆದರೆ ಹೆಸರು ನಂಬಿ ದುಡ್ಡು ಕೊಡಬೇಡಿ. ನೇಪಾಳದ ಹೆಚ್ಚಿನ ಖುಕುರಿಗಳು ಕೈಯಲ್ಲಿ ಬಡಿದು ಮಾಡಿದವು. ಪೂರ್ವ ನೇಪಾಳದ ಧರಾನ್ ಹತ್ತಿರದ ಒಂದು 'ಆರನ್' ಎದುರು ನಾನು ಅರ್ಧ ದಿನ ಕೂತಿದ್ದೆ. ಆರನ್ ಅಂದರೆ ಕುಲುಮೆ. ಕಮ್ಮಾರರನ್ನು ಅಲ್ಲಿ ವಿಶ್ವಕರ್ಮ ಅಂತಲೇ ಕರೆಯುತ್ತಾರೆ, ನಮ್ಮಲ್ಲಿಯ ಹಾಗೆ. ಲಾರಿಯ ಹಳೇ ಪಟ್ಟಾ ಸ್ಪ್ರಿಂಗ್ ತುಂಡು ಮಾಡಿ, ಕಾಯಿಸಿ, ಒಬ್ಬರು ಹಿಡಿದರೆ ಇಬ್ಬರು ಬಡಿಯುತ್ತಿದ್ದರು. ಕೊನೆಗೆ ಬಾಯಿಗೆ ಹದ ಕೊಡುವ ಹೊತ್ತು. ಕೆಂಪಗೆ ಕಾದ ಅಲಗನ್ನು ಬಾಯಿ ಮೇಲಾಗಿ ಹಿಡಿದು, ಚಹಾ ಕೆಟಲಿನ ಮೂತಿಯಿಂದ ಸಣ್ಣಗೆ ನೀರನ್ನು ಬಾಯಿಯ ಉದ್ದಕ್ಕೆ ಮಾತ್ರ ಸುರಿದರು. ಹೋಗುತ್ತಾ ಬರುತ್ತಾ ಎರಡು ಸಲ. ನೀರು ಬಿದ್ದಲ್ಲಿ ಚುಂಯ್ ಅಂತ ಕಪ್ಪಾಯಿತು, ಬೆನ್ನು ಇನ್ನೂ ಕೆಂಪಗೇ ಇತ್ತು. ಹೀಗೆ ಬಾಯಿ ಮಾತ್ರ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಏಟು ತಡೆಯುತ್ತದೆ.

ತಣಿದ ಮೇಲೆ ಹಿಡಿ ಹಾಕುವ ಮೊದಲೇ ಅವರು ಅಲಗನ್ನು ಒಂದು ಬೆರಳ ಮೇಲೆ ಇಟ್ಟು ನೋಡಿದರು. "ದಾಯಿ, ಸರಿ ಇದೆಯಾ?" ಅಂದೆ. ದಾಯಿ ಅಂದರೆ ಅಣ್ಣ. ಮಾತಾಡದೆ ಪಕ್ಕದಲ್ಲಿದ್ದ ಇನ್ನೊಂದನ್ನು ನನ್ನ ಬೆರಳ ಮೇಲೆ ಇಟ್ಟರು. ಒಂದೇ ದಿನ, ಒಂದೇ ಕೈ, ಒಂದೇ ಮಾದರಿ. ಆದರೂ ಬಿಂದು ಎರಡು ಬೆರಳು ಆಚೆ ಈಚೆ. "ಇದು ಸೌದೆಗೆ, ಅದು ಮೇವಿಗೆ" ಅಂದರು. ಅಂದಿನಿಂದ ನಾನು ಪ್ರತಿಯೊಂದನ್ನೂ ಬೇರೆ ಬೇರೆಯಾಗೇ ಅಳೆಯುತ್ತೇನೆ.

ಸಮತೋಲ ಬದಲಾಯಿಸಬಹುದಾ?

ಸ್ವಲ್ಪ ಮಟ್ಟಿಗೆ. ಹಿಡಿ ದಪ್ಪ ಅನಿಸಿದರೆ ಮರಳು ಕಾಗದದಿಂದ ಉಜ್ಜಿ ಇಳಿಸಬಹುದು. ಮುಂದಕ್ಕೆ ಜಗ್ಗುತ್ತದೆ ಅನಿಸಿದರೆ ಹಿಡಿಯ ಹಿಂತುದಿಗೆ ಹಿತ್ತಾಳೆ ಟೊಪ್ಪಿ ಹಾಕಿಸುವವರಿದ್ದಾರೆ. ಲೆಕ್ಕ ಮಾಡಿ ನೋಡಿ. ನನ್ನ 540 ಗ್ರಾಂನದ್ದಕ್ಕೆ ಕಾಂಜೋದಿಂದ 11 ಸೆಂ.ಮೀ. ಹಿಂದೆ 30 ಗ್ರಾಂ ಸೇರಿಸಿದರೆ ಬಿಂದು 11.5ರಿಂದ 10.3 ಸೆಂ.ಮೀ.ಗೆ ಬರುತ್ತದೆ. ಕೇಳಲು ಚೆಂದ. ಆದರೆ ಜಗ್ಗಾಟ 6,210ರಿಂದ 5,880ಕ್ಕೆ ಇಳಿಯಿತು ಅಷ್ಟೇ, ಎತ್ತಬೇಕಾದ ತೂಕ ಮಾತ್ರ 570 ಗ್ರಾಂ ಆಯಿತು. ನಾನು ಹಾಕಿಸಲಿಲ್ಲ. ಅದು ಸೌದೆ ಕತ್ತಿ, ಹಾಗೇ ಇರಲಿ.

ಅಲಗನ್ನು ಮಾತ್ರ ಗ್ರೈಂಡರ್‌ಗೆ ಕೊಡಬೇಡಿ. ಬಿಸಿಗೆ ಬಾಯಿ ನೀಲಿಗಟ್ಟಿತು ಅಂದರೆ ಆ ಕೆಟಲ್ ನೀರಿನ ಹದ ಹೋಯಿತು ಅಂತಲೇ. ಮತ್ತೆ ಕುಲುಮೆಗೆ ಹೋಗದೆ ಅದು ಬರುವುದಿಲ್ಲ.

ಅಂಗಡಿಯಲ್ಲಿ ಎರಡೇ ನಿಮಿಷ ಇದ್ದರೆ

ಪೆನ್ಸಿಲ್, ದಾರ ಅಂತ ಅಂಗಡಿಯಲ್ಲಿ ಕೂರಲು ಆಗುವುದಿಲ್ಲ. ಅಲಗನ್ನು ತೋರುಬೆರಳ ಮೇಲೆ ಇಟ್ಟು ಬಿಂದು ನೋಡಿ. ಬೆನ್ನಿನ ಉದ್ದಕ್ಕೂ ಕಣ್ಣು ಹಾಯಿಸಿ. ಹಿಡಿಗೆ ನಾಲ್ಕು ಬೆರಳು ಕೂರುತ್ತವೆಯಾ ನೋಡಿ, ಮುಷ್ಟಿಯಿಂದ ಕುಟ್ಟಿ ಸದ್ದು ಕೇಳಿ. ಆಮೇಲೆ ಕೈಯನ್ನು ನೆಲಕ್ಕೆ ಸಮವಾಗಿ ಮುಂದೆ ಚಾಚಿ 30 ಎಣಿಸುವವರೆಗೆ ಹಿಡಿದುಕೊಳ್ಳಿ. ಅಷ್ಟರೊಳಗೆ ಮೊನೆ ಕೆಳಗೆ ಬಾಗುತ್ತಿದ್ದರೆ ಅದು ನಿಮ್ಮ ಕೈಗೆ ಮೀರಿದ ಖುಕುರಿ.

ಕೊಂಡ ಮೇಲೆ ವಿಮಾನದಲ್ಲಿ ತರುವುದಾದರೆ ಚೆಕ್-ಇನ್ ಸಾಮಾನಿನಲ್ಲೇ ಇಡಬೇಕು. ನಮ್ಮ ದೇಶದ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಪಟ್ಟಿಯಲ್ಲಿ ಖುಕುರಿಯ ಹೆಸರೇ ಇದೆ. ಮನೆಗೆಲಸ, ಬೇಸಾಯಕ್ಕೆ ಅಂತ ಮಾಡಿದ ಸಲಕರಣೆಗಳಿಗೆ ವಿನಾಯಿತಿ ಉಂಟು. ಆದ್ದರಿಂದ ಕೆಲಸದ ಜಾಗದಲ್ಲಿ ಬಳಸಿ, ಸೊಂಟಕ್ಕೆ ಕಟ್ಟಿಕೊಂಡು ಪೇಟೆಯಲ್ಲಿ ತಿರುಗಬೇಡಿ.

ಪರೀಕ್ಷೆ ಮುಗಿದ ಮೇಲೆ ಟೇಪ್ ಕಿತ್ತು, ಅಂಟು ಒರೆಸಿ, ಎಣ್ಣೆ ಹಚ್ಚಿ. ನೇಪಾಳದ ಮನೆಗಳಲ್ಲಿ ಸಾಸಿವೆ ಎಣ್ಣೆ. ನಮ್ಮಲ್ಲಿ ಮೆಷಿನ್ ಎಣ್ಣೆ ಆದೀತು. ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಒರೆಗೆ ಕಟ್ಟಿ. ಮಸೆದು ಮಸೆದು ಹೊಟ್ಟೆ ಸವೆದಾಗ ಬಿಂದು ಹಿಂದೆ ಬರುತ್ತದೆ, ಆಗ ಹೋಲಿಸಿ ನೋಡಲು ಬೇಕಾಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಖುಕುರಿಯನ್ನು ಒರೆಯೊಳಗೆ ಬಿಡಬೇಡಿ. ಚರ್ಮ ತೇವ ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. ನನ್ನವೆರಡೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಎಣ್ಣೆ ಹಚ್ಚಿದ ಹತ್ತಿಬಟ್ಟೆ ಸುತ್ತಿಕೊಂಡು, ಒಲೆಯ ಮೇಲಿನ ಅಟ್ಟದಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಇರುತ್ತವೆ. ಆಯುಧ ಪೂಜೆಗೆ ಕೆಳಗಿಳಿಸುತ್ತೇನೆ. ಅಲ್ಲೂ ದಶೈಂ ಹಬ್ಬದ ನವಮಿಯ ದಿನವೇ ಸಲಕರಣೆಗಳಿಗೆಲ್ಲ ಪೂಜೆ.